ಡೆಬಿಟ್ ಅಂದರೆ ಬಂದದ್ದೋ ಹೋದದ್ದೋ? ಆನ್‌ಲೈನ್ ಸ್ವಯಂ ಕಲಿಕೆಯ ಸೇವೆ ಕಟ್ಟುವ ಒಂದು ಪಾಠ

ವ್ಯವಹಾರ ಅಧ್ಯಯನದ ಸರ್ ನಮ್ಮ ದ್ವಿತೀಯ ಪಿಯುಸಿ ತರಗತಿಗೆ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಯಾವುದಾದರೂ ಒಂದು ಸೇವೆಯನ್ನು ಆರಿಸಿಕೊಳ್ಳಿ, ಅದು ಯೋಚನೆಯಾಗಿ ಹುಟ್ಟಿದಲ್ಲಿಂದ ಜನರ ಕೈಗೆ ತಲುಪುವವರೆಗೆ ಏನೇನು ನಡೆಯುತ್ತದೆ ಎಂದು ಬರೆದು ತನ್ನಿ ಎಂದರು. ಹೆಚ್ಚಿನವರು ಬೇಕರಿ, ಟೈಲರಿಂಗ್, ಕೇಟರಿಂಗ್ ಆರಿಸಿಕೊಂಡರು. ನಾನು ಆನ್‌ಲೈನ್ ಕಲಿಕೆಯನ್ನು ಆರಿಸಿಕೊಂಡೆ. ಬುದ್ಧಿವಂತಿಕೆಯಿಂದ ಆರಿಸಿದ್ದೇನಲ್ಲ. ಆ ಹೊತ್ತಿಗೆ ನಾನಾಗಲೇ ಅಂಥದೊಂದು ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಆ ಪ್ರಾಜೆಕ್ಟನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೇನೆ.

ಸವಣೂರಿನಲ್ಲಿ ನನ್ನ ಖಾಲಾ, ಅಂದರೆ ಅಮ್ಮಿಯ ತಂಗಿ ಇದ್ದಾರೆ. ಅವರ ಮಗಳು ಹತ್ತನೆಯವರೆಗೆ ಉರ್ದು ಮಾಧ್ಯಮದಲ್ಲಿ ಓದಿ ಈ ವರ್ಷ ಪ್ರಥಮ ಪಿಯುಸಿ ಕಾಮರ್ಸ್ ಸೇರಿದಳು. ಮೊದಲ ಟೆಸ್ಟ್‌ನಲ್ಲಿ ಅಕೌಂಟೆನ್ಸಿಗೆ 40ಕ್ಕೆ 7 ಬಂತು. ಕಾಲೇಜು ಬಿಟ್ಟು ಮನೆಯಲ್ಲೇ ಇರುತ್ತೇನೆ, ಇದು ನನ್ನ ತಲೆಗೆ ಹತ್ತುವ ವಿಷಯವಲ್ಲ ಎಂದು ಖಾಲಾ ಬಳಿ ಅತ್ತಳಂತೆ. ಖಾಲಾ ಅಮ್ಮಿಗೆ ಫೋನ್ ಮಾಡಿದರು, ಅಮ್ಮಿ ಫೋನನ್ನು ನನ್ನ ಕೈಗೆ ಕೊಟ್ಟರು. ಎಲ್ಲಿ ತೊಡಕಾಗಿದೆ ಎಂದು ನಾನು ಕೇಳಿದಾಗ ಅವಳ ಮೊದಲ ಪ್ರಶ್ನೆ ಹೀಗಿತ್ತು: "ಆಪಾ, ಡೆಬಿಟ್ ಬೋಲೇ ತೋ ಆನಾ ಕ್ಯಾ, ಜಾನಾ ಕ್ಯಾ?" ಡೆಬಿಟ್ ಅಂದರೆ ಬರುವುದಾ, ಹೋಗುವುದಾ?

ನಗಬೇಡಿ. ಅವಳ ಗೊಂದಲಕ್ಕೆ ಗಟ್ಟಿಯಾದ ಕಾರಣವಿತ್ತು. ಅವಳ ಅಣ್ಣ ಎಟಿಎಂನಿಂದ 500 ರೂಪಾಯಿ ತೆಗೆದಾಗ ಫೋನಿಗೆ 'ನಿಮ್ಮ ಖಾತೆ ಡೆಬಿಟ್ ಆಗಿದೆ' ಎಂದು ಮೆಸೇಜ್ ಬರುತ್ತದೆ. ಹಾಗಾದರೆ ಡೆಬಿಟ್ ಅಂದರೆ ಹಣ ಹೋಯಿತು. ತರಗತಿಯಲ್ಲಿ ನಗದು ಬಂದರೆ ನಗದು ಖಾತೆಯನ್ನು ಡೆಬಿಟ್ ಮಾಡಿ ಎನ್ನುತ್ತಾರೆ. ಹಾಗಾದರೆ ಡೆಬಿಟ್ ಅಂದರೆ ಹಣ ಬಂತು. ಎರಡರಲ್ಲಿ ಒಂದು ಸುಳ್ಳಾಗಿರಬೇಕು ಎಂದುಕೊಂಡು ಅವಳು ಎಲ್ಲ ಎಂಟ್ರಿಗಳನ್ನೂ ಬಾಯಿಪಾಠ ಮಾಡಲು ಹೊರಟಿದ್ದಳು.

ಎರಡೂ ನಿಜ. ಮೆಸೇಜ್ ಬರುವುದು ಬ್ಯಾಂಕಿನ ಪುಸ್ತಕದಿಂದ. ನಾವು ಇಟ್ಟ ಹಣ ಬ್ಯಾಂಕಿಗೆ ಆಸ್ತಿಯಲ್ಲ, ನಮಗೆ ಹಿಂತಿರುಗಿಸಬೇಕಾದ ಹೊಣೆ. ನಾವು 500 ತೆಗೆದರೆ ಬ್ಯಾಂಕಿನ ಹೊಣೆ 500 ಇಳಿಯಿತು. ಹೊಣೆ ಇಳಿದರೆ ಡೆಬಿಟ್. ಅದೇ ವ್ಯವಹಾರ ನಮ್ಮ ಪುಸ್ತಕದಲ್ಲಿ ತಿರುವುಮುರುವು: ಕೈಗೆ ನಗದು ಬಂತು, ನಗದು ಖಾತೆ ಡೆಬಿಟ್, ಬ್ಯಾಂಕಿನಲ್ಲಿದ್ದ ನಮ್ಮ ಹಣ ಇಳಿಯಿತು, ಬ್ಯಾಂಕ್ ಖಾತೆ ಕ್ರೆಡಿಟ್. ಇದು ತಿಳಿದರೆ ಮುಂದೆ ಬರುವ ಬ್ಯಾಂಕ್ ರಿಕನ್ಸಿಲಿಯೇಶನ್ ಪಾಠದಲ್ಲಿ ಕ್ಯಾಷ್ ಬುಕ್ಕಿನ ಡೆಬಿಟ್ ಬಾಕಿ ಪಾಸ್ ಬುಕ್ಕಿನಲ್ಲಿ ಕ್ರೆಡಿಟ್ ಬಾಕಿಯಾಗಿ ಏಕೆ ಕಾಣುತ್ತದೆ ಎನ್ನುವುದೂ ತಿಳಿಯುತ್ತದೆ. ಪ್ರಶ್ನೆ ಒಂದೇ: ಇದು ಯಾರ ಪುಸ್ತಕ?

ಇಷ್ಟನ್ನು ಫೋನಿನಲ್ಲಿ ಹೇಳಲು ನನಗೆ ನಲವತ್ತು ನಿಮಿಷ ಹಿಡಿಯಿತು. ಮರುದಿನ ಅವಳ ಗೆಳತಿ ಅದನ್ನೇ ಕೇಳಿದಳು. ಅದರ ಮರುದಿನ ಇನ್ನೊಬ್ಬಳು. ನನಗೂ ಪರೀಕ್ಷೆ ಇದೆಯಲ್ಲ!

ಪ್ರಾಜೆಕ್ಟಿಗಾಗಿ ಓದುವಾಗ ಇದೇ ಕಥೆ ಇಪ್ಪತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿ ನಡೆದದ್ದು ಗೊತ್ತಾಯಿತು. ಖಾನ್ ಅಕಾಡೆಮಿಯ ಹೆಸರನ್ನು ನೀವು ಕೇಳಿರುತ್ತೀರಿ. ಅದನ್ನು ಕಟ್ಟಿದವರು ಸಲ್ಮಾನ್ ಖಾನ್. ಸಿನಿಮಾದವರಲ್ಲ, ನ್ಯೂ ಆರ್ಲಿಯನ್ಸ್ ಬಳಿ ಹುಟ್ಟಿದ, ಬಂಗಾಳಿ ಮೂಲದ ಕುಟುಂಬದವರು. ಎಂಐಟಿಯಲ್ಲಿ ಓದಿ, ಹಾರ್ವರ್ಡ್‌ನಲ್ಲಿ ಎಂಬಿಎ ಮಾಡಿ, ಬಾಸ್ಟನ್‌ನಲ್ಲಿ ಒಂದು ಹೂಡಿಕೆ ಸಂಸ್ಥೆಯ ವಿಶ್ಲೇಷಕರಾಗಿದ್ದರು. 2004ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿದ್ದ ಅವರ ಕಸಿನ್ ನಾದಿಯಾ ಗಣಿತದಲ್ಲಿ ಹಿಂದೆ ಬಿದ್ದಳು. ತೊಡಕು ಇಡೀ ಗಣಿತದಲ್ಲಿರಲಿಲ್ಲ, ಅಳತೆಯ ಮಾನಗಳನ್ನು ಬದಲಾಯಿಸುವ ಒಂದು ಪಾಠದಲ್ಲಿತ್ತು. ಖಾನ್ ಕೆಲಸ ಮುಗಿದ ಮೇಲೆ ಫೋನಿನಲ್ಲಿ ಮಾತಾಡುತ್ತ, ಇಬ್ಬರಿಗೂ ಕಾಣುವಂತೆ ಬರೆಯಬಹುದಾದ ಯಾಹೂ ಡೂಡಲ್ ಎಂಬ ಸೌಲಭ್ಯ ಬಳಸಿ ಪಾಠ ಹೇಳಿದರು. ಆಕೆ ದಾಟಿಕೊಂಡಳು. ಆಮೇಲೆ ಅವಳ ತಮ್ಮಂದಿರು, ಉಳಿದ ಬಂಧುಗಳ ಮಕ್ಕಳು ಸೇರಿದರು.

ಇಲ್ಲಿ ನನಗೆ ಬಹಳ ಇಷ್ಟವಾದ ಸಂಗತಿಯೆಂದರೆ, ಖಾನ್ ಮೊದಲು ಮಾಡಿದ್ದು ವಿಡಿಯೊ ಅಲ್ಲ. ಮಕ್ಕಳಿಗೆ ಅಭ್ಯಾಸದ ಲೆಕ್ಕಗಳನ್ನು ಕೊಟ್ಟು, ಯಾರಿಗೆ ಎಲ್ಲಿ ತಪ್ಪುತ್ತಿದೆ ಎಂದು ತಮಗೆ ತೋರಿಸುವ ಒಂದು ಚಿಕ್ಕ ಪ್ರೋಗ್ರಾಂ ಬರೆದರು. ವಿಡಿಯೊ ಬಂದದ್ದು 2006ರಲ್ಲಿ, ಅದೂ ಗೆಳೆಯರೊಬ್ಬರು ಸೂಚಿಸಿದ ಮೇಲೆ. ಕಪ್ಪು ಪರದೆ, ಬಣ್ಣದ ಕೈಬರಹ, ಮುಖವಿಲ್ಲ, ಬರೀ ಧ್ವನಿ. ಆಗ ಯೂಟ್ಯೂಬ್‌ಗೆ ಹತ್ತು ನಿಮಿಷದ ಮಿತಿ ಇದ್ದುದರಿಂದ ಪಾಠಗಳು ಚಿಕ್ಕವಾದವು. ನೇರವಾಗಿ ಕೇಳುವುದಕ್ಕಿಂತ ಯೂಟ್ಯೂಬ್‌ನಲ್ಲೇ ನೀವು ಚೆನ್ನ ಎಂದು ಕಸಿನ್‌ಗಳು ಹೇಳಿದರು ಎನ್ನುವುದನ್ನು ಖಾನ್ ನಗುತ್ತ ಹೇಳಿಕೊಳ್ಳುತ್ತಾರೆ. ಅದರಲ್ಲಿ ಸತ್ಯವಿದೆ. ಎದುರಿಗಿರುವವರನ್ನು "ಇನ್ನೊಮ್ಮೆ ಹೇಳಿ" ಎಂದು ನಾಲ್ಕನೆಯ ಸಲ ಕೇಳಲು ನಾಚಿಕೆಯಾಗುತ್ತದೆ. ರೆಕಾರ್ಡಿಂಗನ್ನು ಹಿಂದಕ್ಕೆ ಸರಿಸಲು ಯಾರ ಅಪ್ಪಣೆಯೂ ಬೇಡ.

ನಾನು ಇದನ್ನೆಲ್ಲ ಓದುವ ಮೊದಲೇ ಕೆಲಸ ಶುರು ಮಾಡಿದ್ದೆ, ಹಾಗಾಗಿ ತಪ್ಪುಗಳನ್ನೂ ಮೊದಲೇ ಮಾಡಿ ಮುಗಿಸಿದ್ದೆ. ನಾನು ಮತ್ತು ಇಬ್ಬರು ಸಹಪಾಠಿಗಳು ಸೇರಿ ಎರಡು ಸಂಜೆ ಹೆಸರು ಹುಡುಕುವುದರಲ್ಲಿ, ಲೋಗೊ ಬಿಡಿಸುವುದರಲ್ಲಿ ಕಳೆದೆವು. ಆಮೇಲೆ ಡೆಬಿಟ್ ಕ್ರೆಡಿಟ್ ಕುರಿತು 22 ನಿಮಿಷದ ವಿಡಿಯೊ ಮಾಡಿದೆವು. ಶುರುವಿಗೆ ಸಂಗೀತ, ನಮ್ಮ ಪರಿಚಯ, ಅಕೌಂಟೆನ್ಸಿಯ ಮಹತ್ವ. ಖಾಲಾಳ ಮಗಳು ಎಷ್ಟು ನೋಡಿದಳು ಗೊತ್ತೇ? ಮೂರು ನಿಮಿಷ. ಅವಳಿಗೆ ಸ್ವಂತ ಫೋನ್ ಇಲ್ಲ. ಇಶಾ ನಮಾಜ್ ಮುಗಿಸಿ ಅಣ್ಣ ಮನೆಗೆ ಬಂದ ಮೇಲೆ, ಅವನು ಊಟಕ್ಕೆ ಕೂತಾಗ ಫೋನ್ ಅವಳ ಕೈಗೆ ಬರುತ್ತದೆ. ಅವನ ಊಟ ಮುಗಿಯುವಷ್ಟರಲ್ಲಿ ನಮ್ಮ ಸಂಗೀತವೇ ಮುಗಿದಿರಲಿಲ್ಲ ಎನ್ನಬಹುದು. ಅವನ ಆ ದಿನದ ಡೇಟಾದಲ್ಲೂ ಆ ವೇಳೆಗೆ ಹೆಚ್ಚು ಉಳಿದಿರುವುದಿಲ್ಲ.

ಹೀಗಾಗಿ ಸೇವೆಯ ಅಳತೆಯನ್ನು ನಾವು ನಿರ್ಧರಿಸಲಿಲ್ಲ, ಅವಳ ಅಣ್ಣನ ಊಟ ನಿರ್ಧರಿಸಿತು. ಒಂದು ಪಾಠ ನಾಲ್ಕು ನಿಮಿಷ. ವಿಡಿಯೊ ಬೇಡ, ಧ್ವನಿ ಮಾತ್ರ, ಜೊತೆಗೆ ನೋಟ್‌ಬುಕ್ಕಿನ ಒಂದು ಪುಟದ ಫೋಟೊ. ನಾಲ್ಕು ನಿಮಿಷದ ನಮ್ಮ ವಿಡಿಯೊ 20 ಎಂಬಿ ತಿನ್ನುತ್ತಿತ್ತು, ಅಷ್ಟೇ ಉದ್ದದ ಧ್ವನಿ ಒಂದು ಎಂಬಿಯೂ ಆಗುವುದಿಲ್ಲ. ಒಂದು ಸಲ ಇಳಿಸಿಕೊಂಡರೆ ಮತ್ತೆ ನೆಟ್ ಬೇಡ. ಒಂದು ಪಾಠಕ್ಕೆ ಒಂದೇ ಪ್ರಶ್ನೆ. 'ಡೆಬಿಟ್ ಕ್ರೆಡಿಟ್' ಎನ್ನುವುದು ಪಾಠವಲ್ಲ, ಅಧ್ಯಾಯ. 'ಬ್ಯಾಂಕಿನ ಮೆಸೇಜ್ ಯಾರ ಪುಸ್ತಕದ್ದು?' ಎನ್ನುವುದು ಪಾಠ.

ಭಾಷೆಯ ವಿಚಾರದಲ್ಲಿ ನಮ್ಮಲ್ಲೇ ಜಗಳವಾಯಿತು. ಒಬ್ಬಳು ಶುದ್ಧ ಇಂಗ್ಲಿಷ್ ಇರಲಿ, ಪುಸ್ತಕದಲ್ಲಿರುವುದು ಅದೇ ಎಂದಳು. ಆದರೆ ಸವಣೂರಿನ ಆ ಹುಡುಗಿಗೆ ಪುಸ್ತಕ ಇಂಗ್ಲಿಷ್, ತರಗತಿ ಕನ್ನಡ, ತಲೆಯೊಳಗಿನ ಮಾತು ಉರ್ದು. ಮೂರು ಮೆಟ್ಟಿಲು ಹತ್ತಿ ಇಳಿಯುವುದರಲ್ಲೇ ಲೆಕ್ಕ ತಪ್ಪುತ್ತದೆ. ಪಾಠಕ್ಕೆ ಪದ ಹುಡುಕುತ್ತಿದ್ದಾಗ ನನಗೇ ಆಶ್ಚರ್ಯವಾದ ಸಂಗತಿಯೆಂದರೆ, ಅಂಗಡಿ ಲೆಕ್ಕದ ಕನ್ನಡದಲ್ಲಿ ಅರ್ಧ ಅವಳ ಮನೆಯದೇ ಮಾತು: ಜಮಾ, ಖರ್ಚು, ಬಾಕಿ, ನಗದು, ರಸೀದಿ, ವಸೂಲಿ. ನಾವೆಲ್ಲ ಅವನ್ನು ಕನ್ನಡ ಎಂದುಕೊಂಡಿದ್ದೆವು, ಅವಳು ಉರ್ದು ಎಂದುಕೊಂಡಿದ್ದಳು. ಅದರಿಂದ ವಿವರಣೆಯನ್ನು ಮನೆಮಾತಿನಲ್ಲಿ ಹೇಳಿ, ಪಾರಿಭಾಷಿಕ ಪದಗಳನ್ನು ಪರೀಕ್ಷೆಯಲ್ಲಿ ಬರೆಯುವಂತೆಯೇ ಉಳಿಸಿಕೊಂಡೆವು. ಕನ್ನಡ ಮನೆಮಾತಿನ ಹುಡುಗಿಯರು ಕೇಳಿದಾಗ ಅದೇ ಪಾಠವನ್ನು ಕನ್ನಡದಲ್ಲಿ ಮತ್ತೆ ರೆಕಾರ್ಡ್ ಮಾಡಿದೆವು. ಎರಡನೆಯ ಸಲ ಹೇಳುವಾಗ ಪಾಠ ಮೊದಲಿಗಿಂತ ಚೆನ್ನಾಗಿ ಬಂತು.

ಪ್ರತಿ ಪಾಠದ ಕೊನೆಗೆ ಮೂರು ಲೆಕ್ಕ. ಮೂರೂ ಸರಿಯಾದರೆ ಮುಂದಿನ ಪಾಠ. ಒಂದು ತಪ್ಪಿದರೂ ಅದೇ ವಿಷಯಕ್ಕೆ ಬೇರೆ ಉದಾಹರಣೆಯ ಇನ್ನೊಂದು ರೆಕಾರ್ಡಿಂಗ್. ತರಗತಿಯಲ್ಲಿ ಸಮಯ ಎಲ್ಲರಿಗೂ ಒಂದೇ, ತಿಳಿದದ್ದು ಮಾತ್ರ ಒಬ್ಬೊಬ್ಬರಿಗೆ ಒಂದೊಂದಷ್ಟು. ಸ್ವಯಂ ಕಲಿಕೆಯಲ್ಲಿ ಇದನ್ನು ತಿರುಗಿಸಬೇಕು: ತಿಳಿಯುವುದು ಎಲ್ಲರಿಗೂ ಪೂರ್ತಿ, ತಗಲುವ ಸಮಯ ಬೇರೆ ಬೇರೆ. ಖಾನ್ ತಮ್ಮ ಪುಸ್ತಕದಲ್ಲೂ ಭಾಷಣಗಳಲ್ಲೂ ಹೆಚ್ಚು ಒತ್ತಿ ಹೇಳುವುದು ಇದನ್ನೇ. ಕೇಂದ್ರ ಸರ್ಕಾರ 2017ರ ಜುಲೈ 9ರಂದು ಆರಂಭಿಸಿದ ಸ್ವಯಂ ಎಂಬ ವೇದಿಕೆಯಲ್ಲೂ ಪ್ರತಿ ಕೋರ್ಸಿಗೆ ವಿಡಿಯೊ ಒಂದೇ ಅಲ್ಲ, ಓದುವ ಸಾಮಗ್ರಿ, ಸ್ವಯಂ ಪರೀಕ್ಷೆ, ಸಂದೇಹ ಕೇಳುವ ಜಾಗ ಎಂಬ ನಾಲ್ಕು ಭಾಗಗಳಿವೆ. ಅದೇ ವರ್ಷ ಸೆಪ್ಟೆಂಬರ್ 5ರಂದು ಬಂದ ದೀಕ್ಷಾದಲ್ಲಿ ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠದ ಸಾಮಗ್ರಿ ತೆರೆಯುತ್ತದೆ, ಇಳಿಸಿಟ್ಟುಕೊಂಡು ನೆಟ್ ಇಲ್ಲದಾಗಲೂ ಬಳಸಬಹುದು. ಇವೆಲ್ಲ ಉಚಿತ. ಹೊಸದನ್ನು ಕಟ್ಟುವ ಮೊದಲು ಇರುವುದನ್ನು ನೋಡಿ ಎಂದು ನಾನು ಹೇಳುವುದು ಇದಕ್ಕೇ. ನಾವು ಮಾಡಿದ್ದು ಇವುಗಳಲ್ಲಿ ನಮ್ಮ ಕಣ್ಣಿಗೆ ಬೀಳದ ಒಂದು ಚಿಕ್ಕ ಜಾಗವನ್ನು ತುಂಬುವ ಕೆಲಸ ಮಾತ್ರ.

ಈಗ ನಾಚಿಕೆಯ ವಿಷಯ. ಒಂಬತ್ತನೆಯ ಪಾಠದ ಹೊತ್ತಿಗೆ ನಮ್ಮ ವಾಟ್ಸ್ಆ್ಯಪ್ ಗ್ರೂಪಿನಲ್ಲಿ 31 ಜನರಿದ್ದರು. ನಮಗೆ ಭಾರಿ ಹೆಮ್ಮೆ. ಆ ಪಾಠ ಡ್ರಾಯಿಂಗ್ಸ್ ಬಗ್ಗೆ. ಮಾಲೀಕ ಅಂಗಡಿಯ ಸರಕನ್ನು ಮನೆಗೆ ಒಯ್ದರೆ ಡ್ರಾಯಿಂಗ್ಸ್ ಖಾತೆ ಡೆಬಿಟ್, ಸೇಲ್ಸ್ ಖಾತೆ ಕ್ರೆಡಿಟ್ ಎಂದು ನಾನು ಗಟ್ಟಿ ದನಿಯಲ್ಲಿ ಹೇಳಿದೆ. ತಪ್ಪು. ಮಾರಾಟವೇ ಆಗಿಲ್ಲ, ಲಾಭವೂ ಇಲ್ಲ. ಸರಕು ಕೊಂಡ ಬೆಲೆಗೆ ಹೊರಗೆ ಹೋಗಿದೆ, ಕ್ರೆಡಿಟ್ ಆಗಬೇಕಾದದ್ದು ಪರ್ಚೇಸಸ್ ಖಾತೆ. ನನಗೆ ಗೊತ್ತಿಲ್ಲದ್ದೇನಲ್ಲ, ಆತುರದಲ್ಲಿ ಬಾಯಿಗೆ ಬಂತು. ಎರಡು ದಿನದ ನಂತರ ತಿಳಿದು ತಿದ್ದುಪಡಿ ಕಳಿಸಿದೆ. ಅಷ್ಟರಲ್ಲಿ ಆ ಧ್ವನಿ ಫಾರ್ವರ್ಡ್ ಆಗಿ, ನಾನು ಹೆಸರೂ ಕೇಳದ ಹುಡುಗಿಯರ ಫೋನುಗಳಿಗೆ ಹೋಗಿತ್ತು. ತಿದ್ದುಪಡಿ ಅವರಿಗೆ ಹೋಗಲಿಲ್ಲ. ಮುಂದಿನ ಟೆಸ್ಟ್‌ನಲ್ಲಿ ನನಗೆ ಗೊತ್ತಿರುವಂತೆಯೇ ನಾಲ್ವರು ಅದನ್ನು ಬರೆದು ಅಂಕ ಕಳೆದುಕೊಂಡರು. ಅವರಲ್ಲಿ ಒಬ್ಬಳು ಖಾಲಾಳ ಮಗಳು. "ಆಪಾ ನೀವೇ ಹೇಳಿದ್ದಲ್ಲಾ" ಎಂದಷ್ಟೇ ಹೇಳಿದಳು.

ತರಗತಿಯಲ್ಲಿ ಉಪನ್ಯಾಸಕರು ತಪ್ಪಿ ನುಡಿದರೆ ಅದೇ ಗಂಟೆಯಲ್ಲಿ ಯಾರಾದರೂ ಕೈ ಎತ್ತುತ್ತಾರೆ. ಒಬ್ಬಳೇ ಕೂತು ಕೇಳುವವಳು ಕೈ ಎತ್ತುವುದು ಯಾರಿಗೆ? ನಮ್ಮ ಸೇವೆಯ ರಚನೆಯನ್ನೇ ಬದಲಿಸಬೇಕಾಯಿತು. ಪಾಠದ ಫೈಲನ್ನು ಕಳಿಸುವುದನ್ನು ನಿಲ್ಲಿಸಿದೆವು. ಎಲ್ಲ ಪಾಠಗಳನ್ನೂ ಒಂದೇ ಕಡೆ ಸಂಖ್ಯೆ ಹಾಕಿ ಇಟ್ಟು, ಲಿಂಕ್ ಮಾತ್ರ ಕೊಡತೊಡಗಿದೆವು. ಲಿಂಕ್ ಎಷ್ಟು ಕೈ ದಾಟಿದರೂ ತೆರೆದುಕೊಳ್ಳುವುದು ತಿದ್ದಿದ ಪಾಠ. ಇಳಿಸಿಟ್ಟುಕೊಂಡವರಿಗಾಗಿ ಪುಟದ ಮೇಲ್ಗಡೆ 'ತಿದ್ದಿದ ಪಾಠಗಳು' ಎಂದು ಪಟ್ಟಿ ಇದೆ. ಅದರ ಮೊದಲ ಸಾಲು ನನ್ನದೇ ಡ್ರಾಯಿಂಗ್ಸ್. ಇನ್ನು ನಮ್ಮ ಅಕೌಂಟೆನ್ಸಿ ಮ್ಯಾಡಂ ಕೇಳಿ ಒಪ್ಪಿದ ಮೇಲೆಯೇ ಯಾವ ಪಾಠವೂ ಹೊರಗೆ ಹೋಗುವುದು. ಅವರು ಒಂದು ವಾರಕ್ಕೆ ಎರಡು ಪಾಠಕ್ಕಿಂತ ಹೆಚ್ಚು ಕೇಳಲಾರರು, ಹಾಗಾಗಿ ವಾರಕ್ಕೆ ಎರಡೇ. ಮೊದಲು ನನಗೆ ಇದು ನಿಧಾನ ಎನಿಸಿತ್ತು. ಈಗ ಎನಿಸುವುದಿಲ್ಲ.

ಗ್ರೂಪನ್ನು ಮುಚ್ಚಲು ಇನ್ನೊಂದು ಕಾರಣವೂ ಇತ್ತು. ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಒಬ್ಬ ಹುಡುಗಿಗೆ ಗುರುತಿಲ್ಲದ ನಂಬರಿನಿಂದ ಮೆಸೇಜುಗಳು ಬರತೊಡಗಿದವು. ಅವಳ ಅಬ್ಬಾ ಫೋನನ್ನು ವಾಪಸ್ ತೆಗೆದುಕೊಂಡರು. ಅವರ ಮೇಲೆ ನನಗೆ ಸಿಟ್ಟು ಬಂದಿತ್ತು, ಆಮೇಲೆ ಯೋಚಿಸಿದರೆ ನಂಬರನ್ನು ಬಹಿರಂಗ ಮಾಡಿದವರು ನಾವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದ ಎಲ್ಲರನ್ನೂ ಮಕ್ಕಳೆಂದೇ ಎಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ನಮ್ಮ ಪುಟ ಈಗ ಹೆಸರನ್ನೂ ಕೇಳುವುದಿಲ್ಲ, ನಂಬರನ್ನೂ ಕೇಳುವುದಿಲ್ಲ. ಆ ಹುಡುಗಿಗೆ ಪಾಠದ ಹಾಳೆಗಳನ್ನು ಗೆಳತಿಯ ಕೈಯಲ್ಲಿ ಕಳಿಸುತ್ತಿದ್ದೇವೆ.

ಕಾನೂನಿನ ಮಾತು ಬಂದುದರಿಂದ ಇನ್ನೊಂದು. ನನಗೂ ಹದಿನೇಳು. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪ್ರಾಪ್ತರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. 1903ರ ಮೊಹೊರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಅಂಥ ಕರಾರು ಆರಂಭದಿಂದಲೇ ಶೂನ್ಯ ಎಂದಿತು. ನಾನು ಯಾರಿಂದಲಾದರೂ ಚಂದಾ ತೆಗೆದುಕೊಂಡು ಸೇವೆ ಕೊಡುತ್ತೇನೆಂದು ಬರೆದುಕೊಟ್ಟರೆ ಆ ಕಾಗದಕ್ಕೆ ಬೆಲೆಯಿಲ್ಲ. ಇನ್ನು ಅಂಗಡಿಯಲ್ಲಿ ಸಿಗುವ ಗೈಡಿನ ಪುಟಗಳನ್ನು ಫೋಟೊ ತೆಗೆದು ಹಂಚುವುದು ಸುಲಭ, ಆದರೆ ಅದು ಬೇರೆಯವರ ಕೃತಿಸ್ವಾಮ್ಯ. ಲೆಕ್ಕಗಳನ್ನೆಲ್ಲ ನಾವೇ ಬರೆಯುತ್ತೇವೆ. ಅಬ್ಬಾರ ಅಂಗಡಿಯ ಒಂದು ದಿನದ ವ್ಯವಹಾರದಲ್ಲೇ ಹತ್ತು ಲೆಕ್ಕ ಸಿಗುತ್ತವೆ.

ಹಣದ ವಿಚಾರವನ್ನು ಸರ್ ತಪ್ಪದೆ ಕೇಳಿದರು. ಉದಾಹರಣೆಗೆ ಲೆಕ್ಕ ಹಾಕೋಣ. ಸ್ವಂತ ವೆಬ್‌ಸೈಟ್, ಒಂದು ಮೈಕ್, ಇತರೆ ಸೇರಿ ವರ್ಷಕ್ಕೆ 6,000 ರೂಪಾಯಿ ಸ್ಥಿರ ವೆಚ್ಚ ಎಂದಿರಲಿ. ಒಬ್ಬ ವಿದ್ಯಾರ್ಥಿನಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ, ಅಭ್ಯಾಸದ ಹಾಳೆಗಳ ಜೆರಾಕ್ಸ್ ಖರ್ಚು 20. ಒಬ್ಬರಿಂದ ಉಳಿಯುವುದು 80. 6,000ವನ್ನು 80ರಿಂದ ಭಾಗಿಸಿದರೆ 75. ಎಪ್ಪತ್ತೈದು ಜನ ಸೇರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಆ ನೂರು ರೂಪಾಯಿಯನ್ನು ಕೇಳಿದ ಕೂಡಲೇ ಮೊದಲು ಬಿಟ್ಟುಹೋಗುವವಳು ಯಾರಿಗಾಗಿ ಇದನ್ನು ಶುರು ಮಾಡಿದೆವೋ ಅವಳೇ. ಖಾನ್ ಅಕಾಡೆಮಿ ಲಾಭರಹಿತ ಸಂಸ್ಥೆಯಾಗಿ ಉಳಿದದ್ದು ಇದಕ್ಕೆ ಒಂದು ಉತ್ತರ, ಸುಲಭದ ಉತ್ತರವಲ್ಲ. 2009ರಲ್ಲಿ ಖಾನ್ ಕೆಲಸ ಬಿಟ್ಟ ಮೇಲೆ ಮನೆಯ ಉಳಿತಾಯ ಕರಗುತ್ತ ಹೋಯಿತು. ದೊಡ್ಡ ನೆರವು ಬಂದದ್ದು 2010ರಲ್ಲಿ: ಆ್ಯನ್ ಡೋರ್ ಎಂಬ ಮಹಿಳೆ ನೀಡಿದ ದೇಣಿಗೆ, ಆಮೇಲೆ ಗೂಗಲ್‌ನ 20 ಲಕ್ಷ ಡಾಲರ್, ಗೇಟ್ಸ್ ಪ್ರತಿಷ್ಠಾನದ ಹಣ. ಇನ್ನೊಂದು ದಾರಿ ಚಂದಾ ಮತ್ತು ಹೂಡಿಕೆದಾರರದು. ಬೆಂಗಳೂರಿನ ಬೈಜೂಸ್ 2015ರಲ್ಲಿ ಆ್ಯಪ್ ತಂದು, 2022ರಲ್ಲಿ 2,200 ಕೋಟಿ ಡಾಲರ್ ಮೌಲ್ಯದ ಕಂಪನಿ ಎನಿಸಿಕೊಂಡು, 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಮೌಲ್ಯ ಎನ್ನುವುದು ಹೂಡಿಕೆದಾರರ ನಿರೀಕ್ಷೆ, ಲಾಭ ಎನ್ನುವುದು ಲೆಕ್ಕದ ಫಲ. ನಾವು ಕಾಮರ್ಸ್‌ನವರು ಇವೆರಡನ್ನು ಒಂದೇ ಎಂದುಕೊಳ್ಳಬಾರದು. ಸದ್ಯಕ್ಕೆ ನಮ್ಮದು ಉಚಿತ ಪುಟ, ಹಳೆಯ ಇಯರ್‌ಫೋನ್‌ನ ಮೈಕ್, ಜೆರಾಕ್ಸ್ ಖರ್ಚು ನಮ್ಮ ಪಾಕೆಟ್ ಮನಿ. ಲೆಕ್ಕದಲ್ಲಿ ಬರೆಯದ ಒಂದು ವೆಚ್ಚ ಇದೆ: ನಮ್ಮ ಸಮಯ. ಪ್ರಿಪರೇಟರಿ ಪರೀಕ್ಷೆಯ ಹೊತ್ತಿಗೆ ಹೊಸ ಪಾಠ ನಿಲ್ಲುತ್ತದೆ ಎಂದು ಪುಟದಲ್ಲಿ ಈಗಲೇ ಬರೆದಿದ್ದೇವೆ.

ಆರಂಭ ಎಂದು ನಾವು ಯಾವ ದಿನವನ್ನೂ ಮಾಡಲಿಲ್ಲ. ಮೊದಲು ಒಬ್ಬಳು, ಅವಳಿಗೆ ಸರಿಹೋದ ಮೇಲೆ ಅವಳ ನಾಲ್ವರು ಗೆಳತಿಯರು, ಆಮೇಲೆ ಉಳಿದವರು. 31 ಜನರಿದ್ದಾಗ ಮೂರು ಲೆಕ್ಕ ಮಾಡಿ ಉತ್ತರ ಕಳಿಸುತ್ತಿದ್ದವರು 9 ಜನ ಮಾತ್ರ. ಈಗ ಪುಟವನ್ನು ಎಷ್ಟು ಜನ ತೆರೆಯುತ್ತಾರೆ ಎಂದು ನೋಡುವುದನ್ನು ಬಿಟ್ಟಿದ್ದೇವೆ. ಉತ್ತರದ ಹಾಳೆಗಳನ್ನು ಎಣಿಸುತ್ತೇವೆ. ಕಳೆದ ವಾರ 14 ಇದ್ದವು. ಎಲ್ಲರಿಗೂ ಒಂದೇ ಲೆಕ್ಕ ತಪ್ಪಿದ್ದರೆ ತಪ್ಪು ನಮ್ಮ ಪಾಠದಲ್ಲಿದೆ ಎಂದು ತಿಳಿದು ಅದನ್ನು ಮತ್ತೆ ರೆಕಾರ್ಡ್ ಮಾಡುತ್ತೇವೆ.

ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಖಾಲಾಳ ಮಗಳಿಗೆ ಅಕೌಂಟೆನ್ಸಿಗೆ 80ಕ್ಕೆ 34 ಬಂತು. ದೊಡ್ಡ ಅಂಕವಲ್ಲ. ಕಾಲೇಜು ಬಿಡುವ ಮಾತನ್ನು ಮಾತ್ರ ಆಮೇಲೆ ಎತ್ತಿಲ್ಲ. ಮೊನ್ನೆ ಅಣ್ಣನ ಫೋನಿನಿಂದ ಒಂದು ಧ್ವನಿ ಕಳಿಸಿದ್ದಳು: ಓವರ್‌ಡ್ರಾಫ್ಟ್ ಇದ್ದರೆ ಪಾಸ್ ಬುಕ್ಕಿನಲ್ಲಿ ಡೆಬಿಟ್ ಬಾಕಿ ಬರಬೇಕು, ಏಕೆಂದರೆ ಈಗ ಬ್ಯಾಂಕಿಗೆ ನಾವು ಕೊಡಬೇಕಾದವರು, ಅದು ಅವರ ಪುಸ್ತಕ, ಸರಿಯಾ ಆಪಾ? ಸರಿ. ಅವಳು ಹೇಳಿದ ಹಾಗೆಯೇ, ಅವಳದೇ ದನಿಯಲ್ಲಿ ಅದನ್ನು 23ನೇ ಪಾಠ ಮಾಡಿದ್ದೇವೆ. ಸದ್ಯ ಮ್ಯಾಡಂ ಬಳಿ ಇದೆ, ಅವರು ಕೇಳಿದ ಮೇಲೆ ಹೊರಗೆ ಬರುತ್ತದೆ.